ಫ್ರೆಶ್ ಬ್ರೀಜ್ ಮತ್ತು ಸಂಡಿಗೆ

ಬೀಸುವ ಗಾಳಿಗೆ ಹೆಸರಿಡಲು ಕಲಿತ ದಿನವೇ ಮನುಷ್ಯನ ನಾಗರಿಕತೆ ಆರಂಭವಾಯಿತೆಂದು ನಾನು ನಂಬಿದ್ದೇನೆ. ಪುಣೆಯ ನಮ್ಮ ಮನೆಯಲ್ಲಿ ಮಾತ್ರ ಅಂಥದೊಂದು ಹೆಸರಿನಿಂದ ಸಂಡಿಗೆ ಹೋಯಿತು.

ಹೋದ ಬೇಸಿಗೆಯ ಮಾತು. ಬಾರಾಮತಿಯಿಂದ ಮಗಳ ಅತ್ತೆ-ಮಾವ ರವಿವಾರದ ಊಟಕ್ಕೆ ಬರುವವರಿದ್ದರು. ಹಿಂದಿನ ಸಲ ಬಂದಾಗ ಬೀಗಿತ್ತಿ, ನನ್ನ ಹೆಂಡತಿ ಕೈಯಾರೆ ಮಾಡಿದ ಸಂಡಿಗೆಯನ್ನು ಮುರಿದು ನೋಡಿ, "ಅಂಗಡೀದೇನ್ರಿ?" ಎಂದು ಕೇಳಿದ್ದರು. ಆ ಪ್ರಶ್ನೆಯನ್ನು ಇವಳು ವರ್ಷವಿಡೀ ಉಪ್ಪಿನಕಾಯಿಯಂತೆ ಕೆಡದ ಹಾಗೆ ಕಾಪಾಡಿಕೊಂಡು ಬಂದಿದ್ದಳು. ಈ ಸಲ ಉತ್ತರ ಕೊಡಬೇಕಿತ್ತು.

ಟೆರೇಸಿನ ಮೇಲೆ ಹಳೆಯ ಸೀರೆ ಹಾಸಿ ಅಕ್ಕಿ ಸಂಡಿಗೆ ಇಟ್ಟದ್ದಾಗಿತ್ತು. ಶನಿವಾರ ಇನ್ನೊಂದು ಬಿಸಿಲು ಬಿದ್ದರೆ ಮುಗಿಯಿತು. ಬೆಳಿಗ್ಗೆ ಫೋನಿನಲ್ಲಿ ಹವಾಮಾನ ನೋಡಿದಳು.

"ಏನ್ರೀ, ಫ್ರೆಶ್ ಬ್ರೀಜ್ ಅಂತ ಬಂದದ. ಬ್ರೀಜ್ ಅಂದ್ರ?"

ನನ್ನ ಇಂಗ್ಲಿಷಿನ ಬಗ್ಗೆ ಮನೆಯಲ್ಲಿ ಗೌರವವಿದೆ. ಯಾರೂ ಪರೀಕ್ಷಿಸಿ ನೋಡಿಲ್ಲ. ಕನ್ನಡಕ ಏರಿಸಿ, "ತಂಗಾಳಿ" ಎಂದೆ.

"ಫ್ರೆಶ್?"

"ತಾಜಾ."

"ತಾಜಾ ತಂಗಾಳಿ. ಹಂಗಾದ್ರ ಸೀರಿ ಮ್ಯಾಲ ಕಲ್ಲು ಬ್ಯಾಡ ಬಿಡ್ರಿ. ಅಂಚಿನ ಸಂಡಿಗಿ ಒಡೀತಾವ."

ಗದಗಿನಿಂದ ಬಂದಿದ್ದ ನಮ್ಮ ಅಕ್ಕನನ್ನು ಕೋಲು ಕೊಟ್ಟು ಕಾಗೆ ಕಾಯಲು ನೇಮಿಸಿದೆವು. ಅಕ್ಕನಿಗೆ ಮರಾಠಿ ಬಾರದು. ಕಾಗೆಗಳ ಜೊತೆ ಅದರ ಅಗತ್ಯ ಬೀಳಲಿಕ್ಕಿಲ್ಲ ಎಂದುಕೊಂಡಿದ್ದೆವು.

ಬಿಸಿಲೇರುವ ಹೊತ್ತಿಗೆ ಪಕ್ಕದ ಗುಲ್ಮೊಹರ್ ಮರ ತಲೆಯಾಡಿಸತೊಡಗಿತು. ಎದುರಿನ ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದ ಮರಾಠಿ ಹೆಂಗಸು, ಪಾಪ, ಒಳ್ಳೆಯ ಮನಸ್ಸಿನಿಂದಲೇ "ವಾರಾ ಸುಟ್ಲಾ, ವಾರಾ ಸುಟ್ಲಾ" ಎಂದು ಕೂಗಿ ಹೇಳಿದರು. ಗಾಳಿ ಎದ್ದಿದೆ ಎಂದು ಅದರ ಅರ್ಥ. ಅಕ್ಕ ಅದನ್ನು ಕನ್ನಡದಲ್ಲಿ ಕೇಳಿಸಿಕೊಂಡಳು; ಕೋಲು ಅಲ್ಲೇ ಬಿಟ್ಟು ಕೆಳಗೆ ಓಡಿ ಬಂದಳು.

"ತಮ್ಮಾ, ಮೊದಲ ಗ್ಯಾಸ್ ಬಂದ್ ಮಾಡು. ಏನೋ ಸುಟ್ಟದಂತ."

"ಯಾರು ಹೇಳಿದ್ರು?"

"ಎದರಿನ ಮನಿಯಾಕಿ. ವಾರದಿಂದ ಸುಡಾಕತ್ತದಂತ."

ವಾರದಿಂದ ಸುಡುತ್ತಿರುವುದು ಏನಿರಬಹುದೆಂದು ನಾನು ಅಡುಗೆಮನೆಯನ್ನು ಪರಿಶೀಲಿಸುತ್ತಿದ್ದೆ. ಹೆಂಡತಿಗೆ ಮಾತ್ರ ತಟ್ಟನೆ ಹೊಳೆಯಿತು. "ಅಕ್ಕಾರ, ಗಾಳಿ ಬಿಟ್ಟದ ಅಂದಾರ್ರೀ ಅವರು" ಎನ್ನುತ್ತಲೇ ಮೆಟ್ಟಿಲೇರಿದಳು.

ನಾವು ಮೂವರೂ ಮೇಲೆ ಮುಟ್ಟುವಾಗ ಸೀರೆ ಸಂಡಿಗೆ ಸಮೇತ ಕಟ್ಟೆ ದಾಟಿ ಗುಲ್ಮೊಹರಿನ ತುದಿಯಲ್ಲಿ ವಿರಾಜಮಾನವಾಗಿತ್ತು. ಪಿತೃಪಕ್ಷ ಇನ್ನೂ ದೂರವಿದ್ದರೂ ಕಾಗೆಗಳ ಪಂಕ್ತಿ ಕೂತಿತ್ತು.

"ಇದೇನ್ರಿ ನಿಮ್ಮ ತಂಗಾಳಿ?" ಎಂದು ಹೆಂಡತಿ ಕೇಳಿದಳು.

"ತಾಜಾ ಅಂತೂ ಖರೆ ನೋಡವಾ. ನಿನ್ನೀದಲ್ಲ," ಎಂದಳು ಅಕ್ಕ.

ಸಂಜೆ ಹುಡುಕಿ ನೋಡಿದೆ. ಹವಾಮಾನದವರ ಭಾಷೆಯಲ್ಲಿ ಬ್ರೀಜಿಗೂ ದರ್ಜೆಗಳಿವೆಯಂತೆ. ತಂಗಾಳಿ ಎನ್ನಬಹುದಾದದ್ದು ಕೆಳಗಿನ ದರ್ಜೆ. ಫ್ರೆಶ್ ಎಂದರೆ ಸಣ್ಣ ಮರಗಳು ತೂಗಾಡುವಷ್ಟು ಜೋರು. ಸೀರೆಯ ವಿಷಯದಲ್ಲಿ ಅವರು ಮೌನ ವಹಿಸಿದ್ದಾರೆ.

ರವಿವಾರ ಬೀಗರಿಗೆ ಅಂಗಡಿಯ ಸಂಡಿಗೆ ಕರಿದು ಬಡಿಸಿದೆವು.