ಬಾಷಾ ಸಾಬರು ತೆಗೆದುಕೊಳ್ಳದ ದಲಾಲಿ

ಮಿರ್ಚಿ ಕಟ್ಟಿಕೊಟ್ಟ ಹಳೇ ಪತ್ರಿಕೆಯ ತುಂಡು ಬಿಡಿಸಿದರೆ, ಎಣ್ಣೆ ಹೀರಿದ ಮೂಲೆಯಲ್ಲೊಂದು ಜಾಹೀರಾತು: ‘ಮನೆ ಮಾರಾಟಕ್ಕಿದೆ. ದಲ್ಲಾಳಿಗಳು ಬರಬಾರದು.’ ಬರೆಸಿದವನು ನನ್ನಂಥ ಜಾಣನೇ ಇರಬೇಕು.

ದಾವಣಗೆರೆಯಲ್ಲಿ ಗೋಣಿಚೀಲ ಹೊತ್ತು ಮಾರಿ ಅಂಗಡಿ ಇಟ್ಟವನು ನಾನು. ಚೌಕಾಸಿಯಲ್ಲಿ ಹೆಂಡತಿಯೊಬ್ಬಳನ್ನು ಬಿಟ್ಟರೆ ಯಾರಿಗೂ ಸೋತವನಲ್ಲ. ಐವತ್ತರ ದಶಕದ ಕೊನೆಗೆ ಹರಿಹರದಲ್ಲೊಂದು ಮನೆ ಬೇಕೆನಿಸಿ ಅಲ್ಲಿನ ದಲ್ಲಾಳಿ ಬಾಷಾ ಸಾಬರನ್ನು ಹಿಡಿದೆ. ಆಗ ದಲ್ಲಾಳಿಗೆ ಮುಂಗಡವಿಲ್ಲ, ಕರಾರಿಲ್ಲ. ಎಲೆಅಡಿಕೆ ಕೊಟ್ಟರೆ ಆತ ನಿಮ್ಮವ. ಪತ್ರವಾದ ದಿನ ಕೊಂಡವರೂ ಮಾರಿದವರೂ ನೂರಕ್ಕೊಂದರಂತೆ ದಲಾಲಿ ಕೊಡಬೇಕು. ಅಲ್ಲಿಯವರೆಗೆ ಇಬ್ಬರೂ ಎದುರುಬದುರು ಕೂರುವಂತಿಲ್ಲ. ಮಾತೆಲ್ಲ ದಲ್ಲಾಳಿಯ ಬಾಯಲ್ಲೇ ಓಡಾಡಬೇಕು.

ಸಾಬರು ತೋರಿಸಿದ ಮನೆ ನನಗೆ ಹಿಡಿಸಿತು. ರೇಟಂತೂ ನಂಬಲಾಗದಷ್ಟು ಕಡಿಮೆ.

“ಅವಸರ ಬ್ಯಾಡ್ರಿ ಸಾವ್ಕಾರ್ರೆ. ಇನ್ನೊಂದು ಮಾತು ಐತೆ. ಮಾಲೀಕರು ಗಟ್ಟಿ ಒಪ್ಪಲಿ, ಆಮ್ಯಾಲೆ ಹೇಳ್ತೀನಿ.”

ದಲಾಲಿ ಏರಿಸುವ ಹೂಟ ಅಂದುಕೊಂಡೆ. ಮರುದಿನವೇ ಮಾಲೀಕನನ್ನು ನೇರವಾಗಿ ಹಿಡಿದು ಅದೇ ರೇಟಿಗೆ ಮುಗಿಸಿದೆ. ಇಬ್ಬರಿಗೂ ದಲಾಲಿ ಉಳಿಯಿತು. ‘ಮನೆ ಪೂರ್ತಿ ಖಾಲಿ ಮಾಡಿಕೊಡತಕ್ಕದ್ದು’ ಎಂದು ಪತ್ರದಲ್ಲಿ ನಾನೇ ಹೇಳಿ ಬರೆಸಿದೆ. ಎಂಥ ಚಾಲಾಕಿ ನೋಡಿ!

ಗೃಹಪ್ರವೇಶದ ದಿನ ಸಾಬರು ಬಂದರು.

“ಏನ್ ಸಾಬ್ರೆ, ಹೋಳಿಗೆ ವಾಸನೆ ಹಿಡ್ಕಂಡು ಬಂದ್ರಾ?” ಎಂದೆ.

ಅವರು ನಗಲಿಲ್ಲ. “ಅಜ್ಜಿ ಎಲ್ಲಿ?”

“ಯಾವ ಅಜ್ಜಿ?”

“ಮಾಲೀಕನ ಸೋದರತ್ತೆ. ಕಣ್ಣಿಲ್ಲ. ಬಾವಿಗೆ ಹೆಜ್ಜೆ ಎಣಿಸ್ಕಂಡು ಹೋಗ್ತಿದ್ಲು. ಸಾಯೋತನಕ ಹಿಂದಿನ ಕೋಣೇಲಿ ಆಕಿನ್ನ ಇರಿಸ್ಕಳ್ಳೋರಿಗೆ ಅಂತ ರೇಟು ಇಳಿಸಿದ್ದೆ.”

ನನ್ನ ಹೆಂಡತಿ ತಟ್ಟೆಯಲ್ಲಿ ಎಲೆಅಡಿಕೆಯ ಮೇಲೆ ದಲಾಲಿ ಇಟ್ಟು ತಂದಳು. ಸಾಬರು ಒಂದು ಎಲೆ ಮಾತ್ರ ತೆಗೆದುಕೊಂಡರು. “ನನ್ನ ಕೆಲಸ ಆಗಿಲ್ಲಲ್ಲ ತಾಯಿ.”

ಮಾರನೆಯ ದಿನ ಮಾಲೀಕನನ್ನು ವಿಚಾರಿಸಿ ನಾನೂ ಸಾಬರೂ ಲೋಕಿಕೆರೆಗೆ ಹೋದೆವು. ಮನೆ ಖಾಲಿ ಮಾಡಲು ಮಾಲೀಕ ಬಿಟ್ಟುಬಂದಿದ್ದ ದೂರದ ನೆಂಟರ ಮನೆ ಕಟ್ಟೆಯ ಮೇಲೆ ಅಜ್ಜಿ ಕೂತಿದ್ದಳು. ಹಣೆಗೆ ಅರಿಶಿನ ಮೆತ್ತಿದ ಗಾಯ. ವಾಪಸ್ ಬಾ ಎಂದು ಕೈಮುಗಿದೆ. ಕೈಮುಗಿದದ್ದು ಆಕೆಗೆ ಕಾಣುವುದಿಲ್ಲವೆಂಬುದೂ ಹೊಳೆಯಲಿಲ್ಲ ನನಗೆ.

“ಬ್ಯಾಡಪ್ಪ. ಇಲ್ಲಿ ಬಾವಿಗೆ ಇಪ್ಪತ್ತೊಂದು ಹೆಜ್ಜೆ. ಬಿದ್ದೂ ಎದ್ದೂ ಈಗಷ್ಟೇ ಕಲ್ತೀನಿ. ಮತ್ತೆ ಮರೆಸಬ್ಯಾಡ.”

ವಾಪಸ್ ಬರುವಾಗ ಸಾಬರು ತಮ್ಮ ಬಸ್ ಚಾರ್ಜು ತಾವೇ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಈಗಲೂ ಮನೆ ಕೊಳ್ಳುವವರು ನನ್ನ ಸಲಹೆಗೆ ಬರುತ್ತಾರೆ, ದಲ್ಲಾಳಿಗೆ ಎಷ್ಟು ಕೊಡಬೇಕು ಅಂತ. ಎಷ್ಟಾದರೂ ಕೊಡಿ ಮಾರಾಯರೆ, ಆದರೆ ನೀವು ಒಳಗೆ ಬಂದರೆ ಆ ಮನೆಯಿಂದ ಯಾರು ಹೊರಗೆ ಹೋಗುತ್ತಾರೆ, ಎಲ್ಲಿಗೆ ಹೋಗುತ್ತಾರೆ, ಅದನ್ನು ಮೊದಲು ಕೇಳಿ ಎನ್ನುತ್ತೇನೆ. ಮುದುಕನಿಗೆ ಅರಳು ಮರಳು ಎಂಬಂತೆ ನೋಡಿ, ಅವರು ರೇಟಿನ ಮಾತಿಗೇ ಹೊರಳುತ್ತಾರೆ.