ನನ್ನ ಸಿಟ್ಟು ಅಣ್ಣನ ಬಾಯಲ್ಲಿ

ಒಂಬತ್ತು ವರ್ಷ ಕಾದ ಕಂಪ್ಯೂಟರ್ ಆಟ ಮುಗಿದದ್ದು ಒಂದು ಭಾನುವಾರ ಮಧ್ಯಾಹ್ನ, ಲಿಂಗಸುಗೂರಿನ ನನ್ನ ಆನ್‌ಲೈನ್ ಸೆಂಟರಿನಲ್ಲಿ, ಅರ್ಧ ಇಳಿಸಿದ ಶಟರಿನ ಹಿಂದೆ. ಪರದೆಯ ಮೇಲೆ ಅದನ್ನು ಮಾಡಿದವರ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಏರತೊಡಗಿದವು. ಹಿನ್ನೆಲೆಯಲ್ಲಿ ಯಾರೋ ಹೆಂಗಸು ರಾಗ ಎಳೆದು ಹಾಡುತ್ತಿದ್ದಳು. ಆಡಿದವರಿಗೆ ಅಳು ಬರಲೆಂದು ಹಾಕಿದ ಹಾಡು. ನನಗೆ ಬಂದದ್ದು ಸಿಟ್ಟು. ಮೌಸನ್ನು ಮೇಜಿಗೆ ಕುಕ್ಕಿದೆ. ಅದರ ಹೊಟ್ಟೆಯ ಕೆಂಪು ದೀಪ ಆರಿ ಮತ್ತೆ ಹತ್ತಿತು.

ಇದು ಗುಂಡು ಹಾರಿಸುವ ಆಟವಲ್ಲ, ಮೂರು ಭಾಗಗಳ ಕಥೆಯ ಆಟ. ಬತ್ತಿಹೋದ ಗ್ರಹವೊಂದರಿಂದ ಸಾವಿರಾರು ಮಂದಿಯನ್ನು ಹೊತ್ತ ಹಡಗು ಆಕಾಶಕ್ಕೆ ಹೊರಡುತ್ತದೆ. ಆಡುವವರೇ ಅದರ ನಾಯಕಿ. ಯಾರ ಜೊತೆ ಏನು ಮಾತಾಡಬೇಕು, ಯಾರನ್ನು ನಂಬಬೇಕು, ಯಾರನ್ನು ಕೈಬಿಡಬೇಕು ಎನ್ನುವುದನ್ನೆಲ್ಲ ನೀವೇ ಆರಿಸಬೇಕು. ಮೊದಲ ಭಾಗದಲ್ಲಿ ಆರಿಸಿದ್ದು ಎರಡನೆಯದಕ್ಕೆ ಬರುತ್ತದೆ, ಎರಡನೆಯದರದ್ದು ಮೂರನೆಯದಕ್ಕೆ. ಹಡಗಿನಲ್ಲಿ ಏಳು ಅಂತಸ್ತು. ಉಸಿರಾಡುವ ಗಾಳಿ ಮೇಲಿನಿಂದ ಕೊಳವೆಗಳಲ್ಲಿ ಇಳಿದು ಬರುತ್ತದೆ. ತಳದ ಏಳನೆಯ ಅಂತಸ್ತು ಮುಟ್ಟುವಷ್ಟರಲ್ಲಿ ಅರ್ಧ ಉಳಿದಿರುತ್ತದೆ. ಸಿಂಧನೂರಿನಲ್ಲಿ ಹುಟ್ಟಿ, ಕಾಲುವೆಯ ಕೊನೆಭಾಗಕ್ಕೆ ನೀರು ಬರಲಿಲ್ಲವೆಂಬ ಜಗಳ ಕೇಳುತ್ತಲೇ ಬೆಳೆದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಆ ಏಳನೆಯ ಅಂತಸ್ತಿನಲ್ಲಿ ಕೊಳವೆ ರಿಪೇರಿ ಮಾಡುವ ಮುದುಕಿಯೊಬ್ಬಳಿದ್ದಳು. ಮಾತು ಕಡಿಮೆ, ಬೈಗುಳ ಜಾಸ್ತಿ. ಮೊದಲ ಭಾಗದಲ್ಲಿ ಅವಳನ್ನು ಉಳಿಸಿಕೊಳ್ಳಲು ಹಡಗಿನ ಅರ್ಧ ಬೆಳಕನ್ನೇ ಬಿಟ್ಟುಕೊಟ್ಟಿದ್ದೆ. ಎರಡನೆಯದರಲ್ಲಿ ಅವಳ ಪರ ನಿಂತದ್ದಕ್ಕೆ ಉಪನಾಯಕ ಹಡಗು ಬಿಟ್ಟು ಹೋದ. ಮೂರನೆಯದು ಬಂದು ಅವಳ ಗತಿ ಏನಾಗುತ್ತದೆಂದು ತಿಳಿಯಲು ಒಂಬತ್ತು ವರ್ಷ ಕಾದೆ. ಅಷ್ಟರಲ್ಲಿ ನನ್ನ ಮದುವೆಯಾಯಿತು, ಊರು ಬದಲಾಯಿತು, ಬಸ್ ಸ್ಟ್ಯಾಂಡಿನ ಹತ್ತಿರ ಈ ಅಂಗಡಿ ಶುರುವಾಯಿತು.

ಮೂರನೆಯದರ ಕೊನೆಯಲ್ಲಿ ಒಂದು ಬಾಗಿಲು ತೆರೆಯುತ್ತದೆ. ಹಡಗು ನೆಲ ಬಿಟ್ಟು ಮೇಲೆದ್ದೇ ಇರಲಿಲ್ಲವಂತೆ. ಎಲ್ಲವೂ ಒಂದು ಪರೀಕ್ಷೆಯಂತೆ. ಒಳಗಿದ್ದ ಮಂದಿಯೆಲ್ಲ ಯಂತ್ರ ಕಟ್ಟಿದ ನೆರಳುಗಳಂತೆ. ಅದಾದ ಮೇಲೆ ಒಂದು ಪಟ್ಟಿ: ಎಡಕ್ಕೆ ಹೆಸರು, ಬಲಕ್ಕೆ ಸ್ಥಿತಿ. ಮುದುಕಿಯ ಹೆಸರು ಎಲ್ಲೋ ನಡುವೆ ಇತ್ತು, ಅದರ ಮುಂದೆ ಮುಕ್ತಾಯ ಎಂಬ ಅರ್ಥದ ಒಂದು ಇಂಗ್ಲಿಷ್ ಪದ. ಎಲ್ಲರ ಮುಂದೆಯೂ ಅದೇ ಪದ. ನಾನು ಉಳಿಸಿದವರ ಮುಂದೆ ಕೂಡ, ಬಿಟ್ಟವರ ಮುಂದೆ ಕೂಡ. ನಂಬಲಾಗದೆ ಸ್ವಲ್ಪ ಹಿಂದಕ್ಕೆ ಹೋಗಿ ಬೇರೆ ಬಾಗಿಲು ಆರಿಸಿದೆ. ಅದೇ ಪಟ್ಟಿ. ಹಿಂದಿನ ನೀಲಿ ಬಣ್ಣದ ಬದಲು ಕೆಂಪು ಬಣ್ಣ, ಅಷ್ಟೇ.

ನಾನು ದಿನವಿಡೀ ಇಂಥ ಪಟ್ಟಿ ನೋಡುವವಳು. ಪಿಂಚಣಿಗೆ, ರೇಷನ್ ಕಾರ್ಡಿಗೆ ಅರ್ಜಿ ಹಾಕಿದವರು ಕೌಂಟರಿನ ಆಚೆ ನಿಂತು "ಏನಾತ್ರೀ ಮೇಡಂ" ಎಂದು ಕೇಳುತ್ತಾರೆ. ನಂಬರು ಒತ್ತಿ, ಹೆಸರಿನ ಮುಂದಿರುವ ಒಂದೇ ಒಂದು ಪದವನ್ನು ಓದಿ ಹೇಳುವುದು ನನ್ನ ಕೆಲಸ. ಕೆಟ್ಟ ಪದವಾಗಿದ್ದರೆ ಹೇಳುವ ಮೊದಲು ಅವರ ಮುಖ ನೋಡುತ್ತೇನೆ, ಕೂತುಕೊಳ್ಳಿ ಅನ್ನುತ್ತೇನೆ. ಆಟ ಬರೆದವರಿಗೆ ಅಷ್ಟೂ ತೋಚಲಿಲ್ಲ.

ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು ಅಣ್ಣನಿಗೆ ಫೋನ್ ಹಚ್ಚಿದೆ.

ಅಣ್ಣ ನನಗಿಂತ ಮೂರು ವರ್ಷ ದೊಡ್ಡವನು. ಮಸ್ಕಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಬಿಡುವಿನಲ್ಲಿ ಆಟಗಳ ಬಗ್ಗೆ ಕನ್ನಡದಲ್ಲಿ ವಿಡಿಯೋ ಮಾಡಿ ಹಾಕುತ್ತಾನೆ, ನೋಡುವವರು ಸಾಕಷ್ಟಿದ್ದಾರೆ. ಮೊದಲ ಎರಡು ಭಾಗವನ್ನು ನಾವಿಬ್ಬರೂ ಸಿಂಧನೂರಿನ ಮನೆಯಲ್ಲಿ, ಅಪ್ಪ ಕೆಲಸ ಮಾಡುತ್ತಿದ್ದ ರೈಸ್ ಮಿಲ್ಲಿನ ಆಫೀಸಿನವರು ಹೊಸದು ತಂದಾಗ ಕೊಟ್ಟ ಹಳೆಯ ಕಂಪ್ಯೂಟರಿನಲ್ಲಿ ಆಡಿದ್ದೆವು. ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ಅವನು, ಪಕ್ಕದ ಟ್ರಂಕಿನ ಮೇಲೆ ನಾನು. ಗುಂಡಿ ಒತ್ತುವವನು ಅವನು. ಆದರೆ ಆಟದ ತುಂಬ ಇಂಗ್ಲಿಷ್ ಮಾತು, ಪುಟಗಟ್ಟಲೆ ಪತ್ರಗಳು. ಅವನಿಗೆ ಇಂಗ್ಲಿಷ್ ಹತ್ತುತ್ತಿರಲಿಲ್ಲ. ಮೊಣಕಾಲ ಮೇಲೆ ಡಿಕ್ಷನರಿ ಇಟ್ಟುಕೊಂಡು ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಏನು ಆರಿಸಬೇಕೆಂದು ಹೇಳುತ್ತಿದ್ದವಳೂ ನಾನೇ. ಮುದುಕಿಯನ್ನು ಬಿಟ್ಟುಬಿಡೋಣ, ಅವಳಿಂದ ಏನು ಉಪಯೋಗ ಎಂದು ಅವನು ಎಷ್ಟು ಸಲ ಅಂದಿದ್ದನೋ.

ಆ ಭಾನುವಾರ ಫೋನಿನಲ್ಲಿ ಒಂದು ತಾಸು ಮಾತಾಡಿದೆ. ಪಟ್ಟಿಯ ಮಾತು, ಮುದುಕಿಯ ಮಾತು, ಪಿಂಚಣಿಗೆ ಬರುವವರ ಮುಖದ ಮಾತು. ಕೊನೆಗೆ, "ಮನುಷ್ಯಾರನ್ನ ಪ್ರೀತಿ ಮಾಡಾಕ ಕಲಿಸಿ, ಆಮ್ಯಾಲೆ ಅವ್ರು ಮನುಷ್ಯಾರೇ ಅಲ್ಲ ಅಂದ್ರ ಅದು ಕಥಿ ಅಲ್ಲಣ್ಣ, ಮೋಸ" ಅಂದೆ. ಅವನು ನಡುವೆ ನಡುವೆ "ಹೂಂ, ಹೂಂ, ಖರೇ ಐತಿ" ಅನ್ನುತ್ತಿದ್ದ. ಫೋನ್ ಇಟ್ಟಾಗ ಎದೆ ಸ್ವಲ್ಪ ಹಗುರಾಗಿತ್ತು.

ಬುಧವಾರ ಮುದಗಲ್ಲಿನ ಶಾಲೆಯಿಂದ ಮರಳಿ ಬಂದ ನನ್ನ ಗಂಡ, ಚಹಾ ಕುಡಿಯುತ್ತ ಮೊಬೈಲನ್ನು ನನ್ನ ಮುಂದೆ ಹಿಡಿದರು.

"ನಿಮ್ಮಣ್ಣ ಭಾಳ ಚಲೋ ಮಾತಾಡ್ಯಾನ ನೋಡು. ನಮ್ಮ ಸಾಲ್ಯಾಗ ಎಲ್ಲಾರೂ ನೋಡಾಕತ್ಯಾರ."

"ಆಟ ಮುಗಿಸಿದ ಮೇಲಿನ ನನ್ನ ಮೊದಲ ಅನಿಸಿಕೆ" ಎಂದು ವಿಡಿಯೋದ ಮೇಲೆ ಬರೆದಿತ್ತು. ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ. ಬಾಯಿ ತೆರೆದ, ನನ್ನ ಮಾತು ಬಂತು. ಒಂದೊಂದೂ. ಕೌಂಟರಿನ ಆಚೆ ನಿಂತವರ ಮುಖ ಅವನ ಅಂಗಡಿಯ ಗಿರಾಕಿಗಳ ಮುಖವಾಗಿತ್ತು. ನಾನು ಎಲ್ಲಿ ತಡವರಿಸಿದ್ದೆನೋ ಅಲ್ಲಿ ಅವನು ನಿಲ್ಲಿಸಿ, ನಿಟ್ಟುಸಿರು ಬಿಟ್ಟಿದ್ದ. ಅವನ ಫೋನಿನಲ್ಲಿ ಬಂದ ಮಾತೆಲ್ಲ ತಾನಾಗಿಯೇ ರೆಕಾರ್ಡ್ ಆಗುತ್ತದೆಂದು ಆಗ ನೆನಪಾಯಿತು.

ಅಲ್ಲಿಯವರೆಗೆ ಹಲ್ಲು ಕಚ್ಚಿ ಕೂತಿದ್ದೆ. ಕೊನೆಗೆ ಅವನು ಕ್ಯಾಮೆರಾದ ಕಡೆ ಬಾಗಿ, ಮೆಲ್ಲಗೆ ಹೇಳಿದ: "ಸಣ್ಣಾಂವ ಇದ್ದಾಗ ಈ ಆಟ ಆಡಾಕ ಕುಂತ್ರ ನನ್ನ ತಂಗಿ ಬಾಜೂಕ ಬಂದು ಕುಂದರ್ತಿದ್ಲು. ಅಕೀಗೆ ಇಂಗ್ಲಿಷ್ ಬರ್ತಿರಲಿಲ್ಲ. ನಾನೇ ಓದಿ ಓದಿ ಕನ್ನಡದಾಗ ಹೇಳ್ತಿದ್ದೆ."

"ಪಾಪ, ನಿನ್ನ ನೆನಸ್ಯಾನ," ಅಂದರು ಗಂಡ.

ಎದ್ದು ಒಳಗೆ ಹೋದೆ. ಅಲ್ಲೇ ಕೂತಿದ್ದರೆ ಅವರ ಮೇಲೆ ಹರಿಹಾಯುತ್ತಿದ್ದೆ. ಮಾತು ಕದ್ದಿದ್ದನ್ನು ಹೇಗೋ ನುಂಗಬಹುದಿತ್ತು; ಅಣ್ಣ ಮೊದಲಿನಿಂದಲೂ ನನ್ನ ಪೆನ್ನು, ನನ್ನ ಸೈಕಲ್ಲು ಕೇಳದೆ ಒಯ್ದವನೇ. ಆದರೆ ಆ ಟ್ರಂಕಿನ ಮೇಲೆ ಕೂತು, ಕಾಲು ಜೋಮು ಹಿಡಿದರೂ ಏಳದೆ ಪದ ಪದ ಹುಡುಕಿ ಓದಿದ ಹುಡುಗಿಯನ್ನು ಅವನು ಬಾಯಿ ತೆರೆದು ನೋಡುತ್ತ ಕೂತ ದಡ್ಡಿಯನ್ನಾಗಿ ಮಾಡಿದ್ದ. ಅದೂ ಪ್ರೀತಿಯ ದನಿಯಲ್ಲಿ.

ಮರುದಿನ ಅಂಗಡಿಗೆ ಬೀಗ ಹಾಕಿ ಹತ್ತು ಗಂಟೆಯ ಬಸ್ಸಿಗೆ ಮಸ್ಕಿಗೆ ಹೋದೆ. ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಜೋಡಿಸಿಕೊಂಡೆ. ಇಳಿಯುವಷ್ಟರಲ್ಲಿ ಎಲ್ಲ ಕಲಸಿಹೋಗಿತ್ತು.

ಅಣ್ಣ ಯಾರದೋ ಫೋನಿಗೆ ಸ್ಕ್ರೀನ್ ಗಾರ್ಡ್ ಅಂಟಿಸುತ್ತಿದ್ದ. ನನ್ನನ್ನು ನೋಡಿ ನಕ್ಕ. "ಏನಬೇ, ಹೇಳದ ಕೇಳದ ಬಂದಿ? ಕುಂದ್ರು, ಚಾ ತರಸ್ತೀನಿ."

"ಚಾ ಬ್ಯಾಡ. ವಿಡಿಯೋ ನೋಡಿ ಬಂದೀನಿ."

ಅವನು ಬಟ್ಟೆಯಿಂದ ಗಾಜು ಒರೆಸುತ್ತಲೇ ಇದ್ದ. "ಚಲೋ ಆಗೇತಲ್ಲ? ಮಂದಿ ಭಾಳ ಮೆಚ್ಯಾರ. ನೀ ಹೇಳಿದ್ದು ನಿನ್ನಲ್ಲೇ ಇದ್ದಿದ್ರ ಏನ್ ಬರ್ತಿತ್ತು? ನಾಕು ಮಂದಿಗೆ ಮುಟ್ಟಿಸೀನಿ."

"ನನ್ನ ಮಾತು ಅಂತ ಎಲ್ಲಿ ಹೇಳೀ?"

"ಒಂದ ಮನಿ ಮಾತು. ನಂದೇನು, ನಿಂದೇನು."

"ಹಂಗಾರ ಇಂಗ್ಲಿಷ್ ಓದಿದಾಂವ ನೀ ಹೆಂಗಾದಿ?"

ಅವನು ಫೋನನ್ನು ಕಾಯುತ್ತಿದ್ದ ಗಿರಾಕಿಯ ಕೈಗಿಟ್ಟು ಕಳಿಸಿದ. ಆಮೇಲೆ ದನಿ ತಗ್ಗಿಸಿದ. "ಕೇಳಾಕ ಛಂದ ಇರ್ತದಂತ ಹಂಗ ಹೇಳೀನಿ. ಅಷ್ಟಕ್ಕ ಬಸ್ ಹತ್ತಿ ಬಂದೀಯೇನು?"

"ಆಟ ಮುಗಿಸೀಯೇನು ನೀ?"

"ಹೂಂ ಮತ್ತ."

ಕೌಂಟರಿನ ಹಲಗೆ ಎತ್ತಿ ಒಳಗೆ ಹೋದೆ. ಅವನ ಕಂಪ್ಯೂಟರು ಗೋಡೆಯ ಬದಿಗಿತ್ತು. ಆಟ ತೆರೆದೆ. ಎಷ್ಟು ತಾಸು ಆಡಿದ್ದೇವೆಂದು ಅದೇ ತೋರಿಸುತ್ತದೆ. ನನಗೆ ಅರವತ್ತು ತಾಸಿಗೂ ಹೆಚ್ಚು ಹಿಡಿದಿತ್ತು. ಅವನದು ಹನ್ನೊಂದು. ಮೂರನೆಯ ಅಂತಸ್ತಿನ ಸಭೆಯ ಬಾಗಿಲಲ್ಲಿ ನಿಂತಿದ್ದ. ಆ ಸಭೆಗೆ ಮೊದಲು ಇಪ್ಪತ್ತು ಪತ್ರ ಓದಬೇಕು. ಓದದಿದ್ದರೆ ಮುಂದಿನದೇನೂ ತಿಳಿಯುವುದಿಲ್ಲ.

"ಮೂರು ವಾರ ಆತು ಅಲ್ಲೇ ನಿಂತು," ಅಂದ ಅಣ್ಣ. ನನ್ನ ಕಡೆ ನೋಡಲಿಲ್ಲ. "ಓದಾಕ ಆಗವಲ್ದು. ಫೋನ್ ಹಿಡಿದು ಕನ್ನಡ ಮಾಡಿ ನೋಡೀನಿ, ಅದು ಏನೇನೋ ಹೇಳ್ತದ. ಚಾನೆಲ್‌ನಾಗ ಎಲ್ಲಾರೂ ಕೇಳಾಕತ್ತಿದ್ರು, ಯಾವಾಗ ಹೇಳ್ತೀರಿ, ಯಾವಾಗ ಹೇಳ್ತೀರಿ ಅಂತ. ಅಷ್ಟರಾಗ ನಿನ್ನ ಫೋನ್ ಬಂತು."

ಇಲ್ಲಿ ನನ್ನ ಮನಸ್ಸು ಕರಗಿತೆಂದು ಬರೆದರೆ ಓದುವವರಿಗೆ ಹಿತವಾದೀತು. ಕರಗಲಿಲ್ಲ. ಇನ್ನೂ ಉರಿಯಿತು. ಲಿಂಗಸುಗೂರಿಗೂ ಮಸ್ಕಿಗೂ ಒಂದು ತಾಸಿನ ದಾರಿಯೂ ಇಲ್ಲ. ಬಾ, ಓದಿ ಹೇಳು ಎಂದು ಒಂದು ಮಾತು ಕೇಳಿದ್ದರೆ ಬರುತ್ತಿದ್ದೆ. ಕೇಳುವುದಕ್ಕಿಂತ ಸುಳ್ಳು ಹೇಳುವುದು ಅವನಿಗೆ ಸಲೀಸಾಗಿತ್ತು.

"ತಗದುಬಿಡು ಅದನ್ನ," ಅಂದೆ.

"ಅಷ್ಟು ಮಂದಿ ನೋಡ್ಯಾರಬೇ. ಹೆಂಗ ತಗೀಲಿ? ಕೆಳಗ ಬರಿತೀನಿ ಬೇಕಾರ, ತಂಗೀಗೂ ಥ್ಯಾಂಕ್ಸ್ ಅಂತ."

"ತಂಗೀಗೂ ಅಲ್ಲ. ಈ ಮಾತೆಲ್ಲಾ ತಂಗಿ ಹೇಳಿದ್ದು, ನಾ ಇನ್ನಾ ಆಟ ಮುಗಿಸಿಲ್ಲ ಅಂತ ಬಾಯಿಲೆ ಹೇಳು. ಓದಿದಾಕಿ ಅಕಿ, ಗುಂಡಿ ಒತ್ತಿದಾಂವ ನಾನು ಅಂತ ಹೇಳು."

"ಮಂದಿ ನಗ್ತಾರ."

"ನಗಲಿ."

ನಾನು ಬೇಡವೆಂದರೂ ಅಣ್ಣ ಹೇಳಿಕಳಿಸಿದ್ದ ಚಹಾ ತಂದು ಹೋಟೆಲಿನವನು ಎರಡು ಕಪ್ಪು ಇಟ್ಟು ಹೋದ. ನಾನು ಕುಡಿಯದೆ ಹೊರಟುಬಂದೆ. ಅಣ್ಣನ ಮುಂದೆ ಅಷ್ಟು ಗಟ್ಟಿಯಾಗಿ ನಾನು ಎಂದೂ ಮಾತಾಡಿರಲಿಲ್ಲ.

ಎಂಟು ದಿನ ಇಬ್ಬರೂ ಫೋನ್ ಮಾಡಲಿಲ್ಲ. ಒಂಬತ್ತನೆಯ ದಿನ ಹಳೆಯ ವಿಡಿಯೋ ಹೋಗಿ ಹೊಸದೊಂದು ಬಂದಿತ್ತು, ನಾಲ್ಕೇ ನಿಮಿಷದ್ದು. ಅಂಗಡಿಯ ಅಂಗಿಯಲ್ಲೇ ಕೂತಿದ್ದ. ನಾನು ಹೇಳು ಅಂದದ್ದನ್ನೆಲ್ಲ ಹೇಳಿದ. ಶಾಲೆಯಲ್ಲಿ ತಪ್ಪು ಒಪ್ಪಿಕೊಳ್ಳುವವರಂತೆ ಎಲ್ಲೋ ನೋಡುತ್ತ ಹೇಳಿದ. ಅದನ್ನು ನೋಡಿದವರು ಕಡಿಮೆ. ನೋಡಿದವರಲ್ಲೊಬ್ಬ, ಮೊದಲಿನದೇ ಚೆನ್ನಾಗಿತ್ತು, ಯಾಕೆ ತೆಗೆದಿರಿ ಎಂದು ಕೆಳಗೆ ಬರೆದಿದ್ದ.

ಮುಂದಿನ ಭಾನುವಾರ ಅವನೇ ಲಿಂಗಸುಗೂರಿಗೆ ಬಂದ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ಒಂದು ಡಜನ್ ಬಾಳೆಹಣ್ಣು ತಂದಿದ್ದ. ತನ್ನ ಆಟವನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದ; ಮೂರನೆಯ ಅಂತಸ್ತಿನ ಪತ್ರಗಳನ್ನು ಓದಿ ಹೇಳಿದೆ. ನಾಲ್ಕು ಭಾನುವಾರ ಹೀಗೇ ನಡೆಯಿತು. ಏನು ಆರಿಸಬೇಕೆಂದು ಒಮ್ಮೆಯೂ ಹೇಳಲಿಲ್ಲ. ಅವನು ಉಪನಾಯಕನನ್ನು ಮರಳಿ ಕರೆತಂದ, ನನ್ನ ಮುದುಕಿಯನ್ನು ಐದನೆಯ ಅಂತಸ್ತಿನಲ್ಲಿ ಬಿಟ್ಟುಬಂದ. ತುಟಿ ಕಚ್ಚಿ ಮುಂದಿನ ಪತ್ರ ಓದಿದೆ. ಕೊನೆಯ ಪಟ್ಟಿ ಬಂದಾಗ ಉಪನಾಯಕನ ಹೆಸರು ಹುಡುಕಿ, ಮುಂದಿನ ಪದವನ್ನು ತಾನೇ ಕೂಡಿಸಿಕೊಂಡು ಓದಿದ. ಕುರ್ಚಿಗೆ ಒರಗಿದ.

"ಇಷ್ಟೇ ಏನು?" ಅಂದ.

"ಇಷ್ಟೇ."

ಎದ್ದು ಹೋಗಿ ಹಿತ್ತಲ ನಲ್ಲಿಯಲ್ಲಿ ಮುಖ ತೊಳೆದ. ಈ ಸಲ ವಿಡಿಯೋ ಮಾಡಲಿಲ್ಲ. ಹೇಳಬೇಕಾದದ್ದನ್ನು ಆಗಲೇ ಹೇಳಿ ಮುಗಿಸಿದ್ದನಲ್ಲ, ನನ್ನ ಬಾಯಿಂದ ತೆಗೆದುಕೊಂಡು.

ಆದರೆ ಆ ಹಳೆಯ ವಿಡಿಯೋವನ್ನು ಅವನು ತೆಗೆದದ್ದು ತನ್ನ ಚಾನೆಲಿನಿಂದ ಮಾತ್ರ. ಅಷ್ಟರೊಳಗೆ ಯಾರೋ ಅದನ್ನು ಕತ್ತರಿಸಿ ಬೇರೆ ಕಡೆ ಹಾಕಿದ್ದರು. ಹೋದ ತಿಂಗಳು ಸ್ಕಾಲರ್‌ಶಿಪ್ ಅರ್ಜಿ ತುಂಬಿಸಲು ಬಂದ ಕಾಲೇಜು ಹುಡುಗಿಯೊಬ್ಬಳು, ಆಟದ ಚಿತ್ರ ನನ್ನ ಕಂಪ್ಯೂಟರಿನ ಮೇಲಿರುವುದನ್ನು ನೋಡಿ, "ಅಕ್ಕಾರ, ನೀವೂ ಇದನ್ನ ಆಡೀರೇನು?" ಎಂದು ಕೇಳಿದಳು. ಖುಷಿಯಾಯಿತು. ಕೊನೆ ಹೇಗನಿಸಿತೆಂದು ಕೇಳಿದೆ.

"ಇನ್ನಾ ಮುಗಿಸಿಲ್ರೀ. ಆದ್ರ ಮಸ್ಕ್ಯಾಗಿನವ್ರು ಒಬ್ರು ಭಾಳ ಚಲೋ ಹೇಳ್ಯಾರ. ಮನುಷ್ಯಾರನ್ನ ಪ್ರೀತಿ ಮಾಡಾಕ ಕಲಿಸಿ, ಆಮ್ಯಾಲೆ..."

"ಅದನ್ನ ಹೇಳಿದಾಕಿ ನಾನು," ಅಂದೆ.

ಹುಡುಗಿ ನನ್ನ ಮುಖ ನೋಡಿದಳು. ಕೌಂಟರಿನ ಮೇಲಿದ್ದ ಝೆರಾಕ್ಸ್ ಕಟ್ಟು ನೋಡಿದಳು. ಹಿರಿಯರು ತಮಾಷೆ ಮಾಡಿದಾಗ ಕಿರಿಯರು ನಗುತ್ತಾರಲ್ಲ, ಹಾಗೆ ನಕ್ಕಳು. "ಹೌದೇನ್ರೀ," ಎಂದು ತನ್ನ ಅರ್ಜಿಯ ಪ್ರಿಂಟ್ ಕೇಳಿದಳು. ಇಡೀ ಕಥೆ ಹೇಳಬೇಕೆಂದು ಬಾಯಿ ತೆರೆದೆ. ಅವಳ ಹಿಂದೆ ಆರು ಮಂದಿ ನಿಂತಿದ್ದರು. ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ಎಳೆದು ಕೊಟ್ಟ ರಭಸಕ್ಕೆ ಹಾಳೆಯ ಒಂದು ಮೂಲೆ ಹರಿಯಿತು, ಇನ್ನೊಂದು ತೆಗೆದುಕೊಡಬೇಕಾಯಿತು.