ಕಾಸಿಂಸಾಬ ಸೀಳಿದ ರಬ್ಬರು

ಪುಟ ತಿರುವಬ್ಯಾಡ್ರಿ. ಚಹಾ ಆರಿದ್ರ ಆರ್ಲಿ, ಇಂಡಿ ಊರಿನ ಈ ಕಾಸಿಂಸಾಬನ ಸುದ್ದಿ ಒಂದೀಟು ಕೇಳ್ರಿ.

ಇನ್ನೂ ನಸುಕು. ಮನಿ ಮುಂದಿನ ಕಲ್ಲಿನ ತೊಟ್ಟಿಯೊಳಗ ಕಾಸಿಂಸಾಬ ಮಾರಿ ಮುಳುಗಿಸಿ ಕುಂತಾನ. ಬಾಯಾಗ ಮುಂಬೈ ಬಂದರದ ಗುಜರಿಯಿಂದ ತಂದ ಹಳೇ ರೆಗ್ಯುಲೇಟರು, ಅದಕ್ಕೊಂದು ಹವಾದ ಸಿಲಿಂಡರು. ನೀರಿನ ತಳದಾಗ ಉಸಿರಾಡಾಕ ಕಚ್ಚಿಕೊಳ್ಳೋ ಈ ಸಾಮಾನಿಗೆ ಊರವರು ಉಸರಿನ ಡಬ್ಬಿ ಅಂತಾರ. ಒಳಗ ಹೇಣ್ತಿ ರಮಜಾನಬಿ ಚಹಾ ಕುದಿಸಿ ಸೋಸೂತನಕ ಗಂಡ ಏಳಲಿಲ್ಲಂದ್ರ ಡಬ್ಬಿ ಪಾಸು. "ಎಮ್ಮಿನೂ ಇಷ್ಟೊತ್ತು ನೀರಾಗ ಬೀಳೂದಿಲ್ರಿ," ಅಂತಾಳ ಆಕಿ.

ಪಿತ್ತಳಿಗೆ ಉಪ್ಪುನೀರಿನ ಹಸಿರು ಎಷ್ಟು ಹತ್ತೈತಿ, ಒಳಗಿನ ರಬ್ಬರಿನ ಪೊರಿ ಮಡಚಿದ್ರ ಬಿರೀತೈತೇನು, ಹೀರಿದ್ರ ಗಾಳಿ ಸಲೀಸ ಬರ್ತೈತೇನು, ಎಲ್ಲಾ ನೋಡೇ ಬೆಲಿ ಕಟ್ಟತಾನ. ಚಡಚಣದಿಂದ ಮುದ್ದೇಬಿಹಾಳತನಕ ಬಾವಿಗೆ ಮುಳುಗೋರೆಲ್ಲಾ ಇವನ ಕಡೇನ ಬರ್ತಾರ. "ಬಂಗಾರ ಖೋಟಾ ಆದ್ರ ರೊಕ್ಕ ಹೋಗ್ತೈತಿ, ಇದು ಖೋಟಾ ಆದ್ರ ಮನಿಷ್ಯಾನ ಹೋಗ್ತಾನ್ರಿ," ಅಂತಾನ.

ಆದ್ರ ಹೆಸರು ಯಾರದು? ಬಾವಿಗೆ ಮುಳುಗೋ ಕನ್ನೊಳ್ಳಿಯ ಕಾಳಪ್ಪಂದು. ಅಂವ ಬಾವಿಯಿಂದ ಮ್ಯಾಲ ಬಂದ್ರ ಹಾರ, ರುಮಾಲು, ಹೋಳಿಗಿ ಊಟ. ಡಬ್ಬಿ ಆರಿಸಿದಾಂವ ದಂಡಿಗೆ ನಿಂತಿರ್ತಾನ, ಬೀಡಿ ಸೇದ್ತಿಯೇನಪಾ ಅಂತ ಒಬ್ರೂ ಕೇಳೂದಿಲ್ಲ. "ಹೊಟ್ಟ್ಯಾಗ ಮೆಣಸಿನಕಾಯಿ ಅರದಂಗ ಆಗತೈತ್ರಿ," ಅಂತ ಕಾಸಿಂಸಾಬ ಮುಚ್ಚಿಡದ ಹೇಳ್ತಾನ. ಊರಿಗೆಲ್ಲಾ ಗೊತ್ತಿದ್ದ ಮಾತು.

ಇವತ್ತು ಹೊರ್ತಿಯ ಗುರುಲಿಂಗಪ್ಪನ ಬಾವಿ. ಇಂಜಿನ್ ಪಂಪಿನ ಪೈಪಿನ ತುದಿಯ ಫುಟ್‌ವಾಲು ಕಳಚಿ ತಳಕ್ಕ ಬಿದ್ದೈತಿ. ಕಾಳಪ್ಪ ಈ ಸಲ ತಂದದ್ದು ತನ್ನ ಸ್ವಂತ ಡಬ್ಬಿ, ಕಾಸಿಂಸಾಬನ್ನ ಕೇಳದ ಸೊಲ್ಲಾಪುರದಾಗ ಖರೀದಿ ಮಾಡಿದ್ದು. ಹುಣಸಿಹಣ್ಣು ಹಚ್ಚಿ ತಿಕ್ಕಿ ಫಳಫಳ ಹೊಳಿಯಾಕತ್ತೈತಿ. ಕಾಸಿಂಸಾಬನ ಕಣ್ಣು ಮೊದಲು ಉರೀತಾವ. ಆಮ್ಯಾಲೆ ಮೂಗಿಗೆ ಕುಸುಬಿ ಎಣ್ಣಿ ವಾಸನಿ ಬಡೀತೈತಿ.

"ರಬ್ಬರಿಗೆ ಎಣ್ಣಿ ಹಚ್ಚೀಯೇನೋ?"

"ಹೂಂ ಮತ್ತ. ನೀರೆತ್ತೋ ತೊಗಲಿನ ಚೀಲಕ್ಕ ಹಚ್ಚೂದಿಲ್ಲೇನು? ನಮ್ಮ ಮನಿಯಾಕಿ ದುರ್ಗವ್ವ ದಿನಾ ತಿಕ್ಕ್ಯಾಳ."

"ತೊಗಲು ಎಣ್ಣಿ ಕುಡದು ಗಟ್ಟಿ ಆಗತೈತಿ, ರಬ್ಬರು ಕುಡದು ಉಬ್ಬಿ ಹೋಳಿಗಿ ಆಗತೈತಿ. ಇಳೀಬ್ಯಾಡ."

ಕಾಳಪ್ಪ ಡಬ್ಬಿ ಕಚ್ಚಿ, ಬಾವಿ ಮಗ್ಗಲದ ತೊಟ್ಟಿಯೊಳಗ ಮುಳುಗಿ, ಸಲೀಸ ಉಸಿರಾಡಿ ಏಳ್ತಾನ. "ಕಾಸಿಂ ಕಾಕಾ, ಉಸರು ನನಗ ಬರಾಕತ್ತೈತಿ, ಉರಿ ನಿನಗ ಹತ್ತೈತಿ."

ಮಂದಿ ನಗ್ತಾರ.

ತೊಟ್ಟಿ ಮೊಣಕಾಲುದ್ದ, ಬಾವಿ ಆನಿ ಮುಳುಗೂವಷ್ಟು. ಆ ನೀರಿನ ಭಾರಕ್ಕ ಮೆತ್ತಗಾದ ರಬ್ಬರು ತಡಿಯೂದಿಲ್ಲ. ಆದ್ರ ಹೊಟ್ಟಿಕಿಚ್ಚಿನವನ ಮಾತು ನಂಬೋರ್ಯಾರು? ಕಾಳಪ್ಪ ಮೈ ಒರಸಿಕೊಳ್ಳಾಕ ಹೊಳ್ಳಿದ್ದೇ ತಡ, ಕಾಸಿಂಸಾಬ ಡಬ್ಬಿ ಬಿಚ್ಚಿ, ಪೊರಿಗೆ ಉಗುರು ಊರಿ ಸೀಳ್ತಾನ.

"ಲೇ ಮುದುಕಾ, ಹೊಟ್ಟಿಕಿಚ್ಚಿಗೆ ಹರದೆಲ್ಲೋ," ಅಂತ ಕಾಳಪ್ಪ ಅಂಗಿ ಹಿಡೀತಾನ. ಕಾಸಿಂಸಾಬ ಅಂಗಿ ಬಿಡಿಸಿಕೊಳ್ತಾನ. ಯಾರು ಕೇಳಿದ್ರೂ ಮಾರದ, ತನಗಂತ ಇಟ್ಟುಕೊಂಡ ಡಬ್ಬಿ ಚೀಲದಾಗಿಂದ ತಗದು ಅವನ ಕೈಯಾಗ ಇಡ್ತಾನ.

ಕಾಳಪ್ಪ ಇಳೀತಾನ, ಫುಟ್‌ವಾಲು ಹಿಡಕೊಂಡು ಮ್ಯಾಲ ಬರ್ತಾನ. ಗುರುಲಿಂಗಪ್ಪ ಹಾರ ಹಾಕ್ತಾನ. ಕಾಸಿಂಸಾಬನ ಕಡೆ ಯಾರೂ ಹೊಳ್ಳೂದಿಲ್ಲ.

"ಹಾರ ಅವನ ಕೊಳ್ಳಾಗ ಇರ್ಲಿ, ಬಾಯಾಗ ನನ್ನ ಡಬ್ಬಿ ಇತ್ತಲ್ರಿ," ಅಂತಾನ ಕಾಸಿಂಸಾಬ. "ಆದ್ರ ಒಮ್ಮಿ ಈ ಕಡೆ ನೋಡಿದ್ರ ಬೇಷಿತ್ತು."

ಉಗುರು ಊರುವಾಗ ಕಣ್ಮುಂದ ಇದ್ದದ್ದು ಕಾಳಪ್ಪನ ಜೀವಾನೋ, ಆ ಫಳಫಳ ಪಿತ್ತಳಿಯೋ, ಅದು ಅವಗೂ ಬಗಿಹರಿದಿಲ್ಲ. ನಿಮ್ಮ ಮಾತು ಯಾರೂ ನಂಬದ ಆ ಬಾವಿದಂಡಿಗೆ ನೀವು ನಿಂತಿದ್ರ, ಏನು ಮಾಡ್ತಿದ್ರಿ?